ಭದ್ರೆಯನ್ನು ಹಿಡಿದಿಟ್ಟ ಬೋಳುಗುಡ್ಡ

ಮಲ್ಕಾಜ್‌ಗಿರಿಯಿಂದ ಕಾಚಿಗುಡ ಹಾದು ಬೆಂಗಳೂರಿನತ್ತ ಹೋಗುವ ರೈಲು ಕರ್ನೂಲಿಗೆ ತುಸು ಮುಂಚೆ ತುಂಗಭದ್ರೆಯನ್ನು ದಾಟುತ್ತದೆ. ಬೇಸಿಗೆಯಲ್ಲಿ ಕಿಟಕಿಯಾಚೆ ಕಾಣುವುದು ಹೆಚ್ಚಾಗಿ ಮರಳು, ಬಂಡೆ. ಹೈದರಾಬಾದಿನ ಅನೇಕ ಕನ್ನಡಿಗರು ಈ ಹೊಳೆಯನ್ನು ನೋಡಿರುವುದು ಅಷ್ಟೇ. ಅದರ ಹುಟ್ಟು ಇರುವುದು ದೂರದ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಗಂಗಾಮೂಲದಲ್ಲಿ.

ವರಾಹ ಪರ್ವತದ ಈ ಜಾಗ ಸಮುದ್ರಮಟ್ಟದಿಂದ ಸುಮಾರು 1,450 ಮೀಟರ್ ಎತ್ತರದಲ್ಲಿದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಇಲ್ಲೇ ಹುಟ್ಟುತ್ತವೆ ಎಂಬುದು ಮಲೆನಾಡಿನ ನಂಬಿಕೆ. ನೇತ್ರಾವತಿ ಘಟ್ಟ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಮೋಡವಿಲ್ಲದ ದಿನ ಕುದುರೆಮುಖದ ತುದಿಯಿಂದ ಆ ಕಡಲು ಕಣ್ಣಿಗೇ ಕಾಣುತ್ತದೆ. ಆದರೂ ಉಳಿದೆರಡು ಹೊಳೆಗಳು ಅದಕ್ಕೆ ಬೆನ್ನು ತಿರುಗಿಸಿ ಹೊರಡುತ್ತವೆ: ತುಂಗೆ ಶೃಂಗೇರಿಯ ದಾರಿ, ಭದ್ರೆ ಕಳಸದ ದಾರಿ. ಶಿವಮೊಗ್ಗದ ಬಳಿ ಕೂಡ್ಲಿಯಲ್ಲಿ ಒಂದಾಗಿ, ಮುಂದೆ ಕೃಷ್ಣೆಯೊಡನೆ ಬಂಗಾಳ ಕೊಲ್ಲಿಯವರೆಗೆ ಹೋಗುತ್ತವೆ.

ಹಿಮಾಲಯದ ನದಿಗೆ ಬೇಸಿಗೆಯಲ್ಲಿ ಕರಗುವ ಹಿಮದ ಆಸರೆಯಿದೆ. ಇಲ್ಲಿ ಮಳೆಯೇ ಎಲ್ಲ. ವರ್ಷಕ್ಕೆ ಸುಮಾರು 7,000 ಮಿ.ಮೀ. ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಆ ನೀರು ಒಮ್ಮೆಗೇ ಹರಿದುಹೋಗದಂತೆ ತಡೆಯುವುದು ಗುಡ್ಡದ ಮೇಲಿನ ಹುಲ್ಲು ಮತ್ತು ಕಣಿವೆಯ ಮಡಿಕೆಗಳಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡು. ಗಾಳಿಗೆ ಕುಗ್ಗಿದ ಮರ, ಕಾಂಡಕ್ಕೆ ಹತ್ತಿದ ಪಾಚಿ, ಬುಡದಲ್ಲಿ ಕೊಳೆಯುವ ತರಗೆಲೆ ನೀರನ್ನು ಹೀರಿಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಜಿನುಗಿಸುತ್ತವೆ. ಮರವಿಲ್ಲದ ನೆಲ ಪಾಳು ಎಂದುಕೊಂಡು ಈ ಹುಲ್ಲಿನ ಮೇಲೆ ಅಕೇಶಿಯಾ ನೆಟ್ಟದ್ದೂ ಉಂಟು. ಗಿಡ ನೆಡುವುದೆಲ್ಲ ಪುಣ್ಯ ಎಂಬ ನಮ್ಮ ಹುರುಪಿಗೆ ಏನು ಹೇಳೋಣ!

ಗುಡ್ಡದೊಳಗಿನ ಮ್ಯಾಗ್ನಟೈಟ್ ಅದಿರು ಇನ್ನೊಂದು ಕಥೆ. 1976ರಲ್ಲಿ ಹುಟ್ಟಿದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಅದನ್ನು ಪುಡಿಮಾಡಿ, ನೀರಲ್ಲಿ ಕಲಸಿ, ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿತ್ತು. ಉಳಿದ ಹೂಳನ್ನು ತುಂಬಿಸಲು ಭದ್ರೆ ಸೇರುವ ಲಕ್ಯಾ ಹಳ್ಳಕ್ಕೆ ಸುಮಾರು 100 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. 1987ರಲ್ಲಿ 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನವೆನಿಸಿದರೂ ಗಣಿ ನಿಲ್ಲಲಿಲ್ಲ. ಸುಪ್ರೀಂ ಕೋರ್ಟ್ ಆದೇಶದಿಂದ ಅದು ನಿಂತದ್ದು 2005ರ ಕೊನೆಗೆ. ಅಣೆಯ ಹಿಂದಿನ ಹೂಳು ಇಂದಿಗೂ ಅಲ್ಲೇ ಇದೆ, ಪ್ರತಿ ಮಳೆಗಾಲದಲ್ಲೂ ಕೆಳಗಿನವರ ಆತಂಕ ಅದೇ.

ನೋಡಬೇಕೆನ್ನುವವರಿಗೆ ಕಾರ್ಕಳದಿಂದ ಕುದುರೆಮುಖದ ಮೂಲಕ ಕಳಸಕ್ಕೆ ರಸ್ತೆಯಿದೆ. ರಸ್ತೆ ಬಿಟ್ಟು ಕಾಡಿಗಿಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲದಲ್ಲಿ ಇಂಬಳಗಳು ಮಾತ್ರ ಯಾರ ಅನುಮತಿಯನ್ನೂ ಕೇಳುವುದಿಲ್ಲ.