ಟ್ರ್ಯಾಕಿಗೆ ಹೋಗುವ ಕಾರಿಗೆ ಯಾವ ಟೈರು?

ಬೆಂಗಳೂರಿನಿಂದ ಚೆನ್ನೈ ಹೆದ್ದಾರಿಯಲ್ಲಿ ಬಂದರೆ ಶ್ರೀಪೆರಂಬುದೂರು ದಾಟಿದ ಮೇಲೆ ಇರುಂಗಾಟ್ಟುಕೋಟ್ಟೈ ಸಿಗುತ್ತದೆ. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ರೇಸ್ ಟ್ರ್ಯಾಕು ಇರುವುದು ಅಲ್ಲೇ. ಉದ್ದ 3.7 ಕಿ.ಮೀ., ತಿರುವುಗಳು 12. ಹಿಂದೆ ಶೋಳವರಂನ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳು ಈಗ ನಡೆಯುವುದು ಇಲ್ಲಿ. ರೇಸುಗಾರರಷ್ಟೇ ಅಲ್ಲ, ಟ್ರ್ಯಾಕ್ ಡೇ ಇದ್ದಾಗ ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ನಮ್ಮ ನಿಮ್ಮಂಥವರೂ ಸ್ವಂತ ಕಾರು ಓಡಿಸಬಹುದು. ನಾನು ಮೈಸೂರಿನವನು, ಕೆಲಸ ಓರಗಡಂನಲ್ಲಿ. ಟ್ರ್ಯಾಕು ಹತ್ತಿರವಿರುವುದರಿಂದ ಬಿಡುವಾದಾಗ ಹೋಗುತ್ತೇನೆ. ಹಾಗಾಗಿ ಊರಿನ ಗೆಳೆಯರ ಫೋನು ಬರುತ್ತಲೇ ಇರುತ್ತದೆ: 'ಬರೋ ತಿಂಗಳು ಬರ್ತಿದೀನಿ ಕಣೋ, ಸೆಮಿ ಸ್ಲಿಕ್ ಹಾಕಿಸ್ಲಾ?'

ಬೇಡ ಅನ್ನುತ್ತೇನೆ. ಒಣ ಟ್ರ್ಯಾಕಿನಲ್ಲಿ ಗೀರು ತೀರಾ ಕಡಿಮೆಯಿರುವ ಸೆಮಿ ಸ್ಲಿಕ್ ಟೈರೇ ಬೇಗ ಓಡುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಟೈರಿನಲ್ಲಿ ಗೀರು ಕಡಿಮೆಯಾದಷ್ಟೂ ನೆಲಕ್ಕೆ ತಾಗುವ ರಬ್ಬರು ಹೆಚ್ಚು. ಆಳವಾದ ಗೀರುಗಳ ನಡುವಿನ ರಬ್ಬರ್ ತುಂಡುಗಳು ಜೋರಾದ ತಿರುವಿನಲ್ಲಿ ಬಾಗಿ ಅಲುಗಾಡುತ್ತವೆ, ಕಾಯುತ್ತವೆ, ಕೊನೆಗೆ ಅಂಚಿನಲ್ಲಿ ಕಿತ್ತು ಬರುತ್ತವೆ. ಅದಕ್ಕೇ ರೇಸ್ ಕಾರುಗಳಿಗೆ ಗೀರೇ ಇಲ್ಲದ ಸ್ಲಿಕ್. ಚೆನ್ನೈಯದೇ ಆದ ಎಂಆರ್‌ಎಫ್ ಅಂಥ ಟೈರು ಮಾಡುತ್ತದೆ. ಆದರೆ ಆ ರಬ್ಬರು ಚೆನ್ನಾಗಿ ಬಿಸಿಯಾಗದೆ ನೆಲವನ್ನು ಹಿಡಿಯುವುದಿಲ್ಲ, ರಸ್ತೆಯಲ್ಲಿ ಅದನ್ನು ಓಡಿಸುವಂತೆಯೂ ಇಲ್ಲ. ರೇಸ್ ತಂಡಗಳು ಕಾರನ್ನು ಲಾರಿಯಲ್ಲಿ ತರುತ್ತವೆ. ನನ್ನ ಗೆಳೆಯ ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಟ್ರ್ಯಾಕಿನಲ್ಲಿ ಓಡಿಸುವ ಟೈರಿನ ಮೇಲೆಯೇ ಬಂದು, ಸಂಜೆ ದಣಿದು, ಅದೇ ಟೈರಿನ ಮೇಲೆ ವಾಪಸು ಹೋಗಬೇಕು. ಟೈರು ಆರಿಸುವಾಗ ಲ್ಯಾಪ್ ಟೈಮಿಗಿಂತ ಮೊದಲು ಆ ವಾಪಸು ದಾರಿಯನ್ನು ನೆನೆಯಬೇಕು.

ಅದರಲ್ಲೂ ಮಳೆಯನ್ನು. ಕರ್ನಾಟಕದಲ್ಲಿ ಮುಂಗಾರು ಹಿಂದೆಗೆದ ಮೇಲೆ ಚೆನ್ನೈಯಲ್ಲಿ ಮಳೆಗಾಲ ಶುರು. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತ ಇಲ್ಲಿ ಯಾವಾಗ ಸುರಿಯುತ್ತದೆಂದು ಹೇಳಲಾಗದು. ಚೆನ್ನೈ ನಗರದೊಳಗಿನ ಐಲ್ಯಾಂಡ್ ಗ್ರೌಂಡ್ಸ್ ಸುತ್ತ 2023ರ ಡಿಸೆಂಬರಿನಲ್ಲಿ ನಡೆಯಬೇಕಿದ್ದ ರಾತ್ರಿ ರೇಸು ಮಿಚಾಂಗ್ ಚಂಡಮಾರುತದಿಂದ 2024ರ ಆಗಸ್ಟ್ ಕೊನೆಗೆ ಹೋಯಿತು.

ಕಾರಿನ ಒಂದೊಂದು ಟೈರು ನೆಲಕ್ಕೆ ತಾಗುವುದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ನಿಂತ ನೀರಿನ ಮೇಲೆ ವೇಗವಾಗಿ ಹೋದಾಗ ಆ ಜಾಗದಿಂದ ನೀರು ಪಕ್ಕಕ್ಕೆ ಸರಿಯದಿದ್ದರೆ ಟೈರಿನ ಮುಂದೆ ಕೂಡಿಕೊಂಡು ಅದನ್ನೇ ಎತ್ತಿಬಿಡುತ್ತದೆ. ಆಗ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ನಾಸಾ ವಿಮಾನಗಳ ಟೈರಿಗಾಗಿ ಕಂಡುಕೊಂಡ ಲೆಕ್ಕದ ಪ್ರಕಾರ, ಗೀರು ಸವೆದ ಟೈರಿನಲ್ಲಿ 32 ಪಿಎಸ್‌ಐ ಗಾಳಿ ಇದ್ದರೆ ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲೇ ಹೀಗಾಗಬಹುದು. ನಮ್ಮ ಹೆದ್ದಾರಿಯಲ್ಲಿ ಅದು ಯಾರೂ ಹೆದರದ ವೇಗ! ನೀರನ್ನು ಹೊರದಬ್ಬುವ ಕೆಲಸವೆಲ್ಲ ಗೀರುಗಳದು. ಫಾರ್ಮುಲಾ 1ರ ಪೂರ್ಣ ಮಳೆ ಟೈರು 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 85 ಲೀಟರು ನೀರು ಹೊರದಬ್ಬುತ್ತದೆಂದು ಪಿರೆಲ್ಲಿ ಹೇಳುತ್ತದೆ. ಸಾಧಾರಣ ಒದ್ದೆಗೆ ಬಳಸುವ ಇಂಟರ್‌ಮೀಡಿಯೆಟ್ ದಬ್ಬುವುದು 30 ಲೀಟರು. ಗೀರಿನ ಆಳ, ವಿನ್ಯಾಸ ಬದಲಾದರೆ ಇಷ್ಟು ಅಂತರ. ಕಾರಿನ ಟೈರಿಗೆ ಕಾನೂನು ಕೇಳುವ ಕನಿಷ್ಠ ಆಳ 1.6 ಮಿ.ಮೀ. ಚೆನ್ನೈ ಮಳೆಗೆ ಅದು ಏನೇನೂ ಸಾಲದು. 3 ಮಿ.ಮೀ.ಗೆ ಇಳಿದ ಟೈರನ್ನು ನಾನು ಮಳೆಗಾಲಕ್ಕೆ ಇಟ್ಟುಕೊಳ್ಳುವುದಿಲ್ಲ.

ಆದ್ದರಿಂದ ನನ್ನ ಆಯ್ಕೆ, ಮಳೆಯಲ್ಲೂ ನಂಬಬಹುದಾದ ಒಳ್ಳೆಯ ಪರ್ಫಾರ್ಮೆನ್ಸ್ ರಸ್ತೆ ಟೈರು. ಇವುಗಳ ರಬ್ಬರಿಗೆ ಸಿಲಿಕಾ ಬೆರೆಸುವುದರಿಂದ ಒದ್ದೆ ನೆಲದಲ್ಲೂ ಹಿಡಿತ ಸಿಗುತ್ತದೆ. ಅಂಗಡಿಯಲ್ಲಿ ಟೈರಿನ ಪಕ್ಕೆಯನ್ನು ಸಮಾಧಾನವಾಗಿ ಓದಿ. ಟ್ರೆಡ್‌ವೇರ್ ಅಂಕಿ 200 ಅಥವಾ ಕಡಿಮೆ ಇದ್ದರೆ ಸಾಮಾನ್ಯವಾಗಿ ಮೆದು ರಬ್ಬರು, ಬೇಗ ಸವೆಯುತ್ತದೆ. 300ರ ಆಸುಪಾಸಿನದು ಟ್ರ್ಯಾಕಿಗೂ ರಸ್ತೆಗೂ ಒದಗುತ್ತದೆ. ಈ ಅಂಕಿ ಕೊಡುವುದು ಕಂಪನಿಗಳೇ, ಹಾಗಾಗಿ ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಜೊತೆ ತೂಗಬೇಡಿ. ಒದ್ದೆ ನೆಲದಲ್ಲಿ ಬ್ರೇಕಿನ ಹಿಡಿತಕ್ಕೆ ಟ್ರ್ಯಾಕ್ಷನ್ ಎಎ ಅಥವಾ ಎ ಇರಲಿ. ವೇಗದ ಗುರುತು ವಿ ಅಂದರೆ 240 ಕಿ.ಮೀ. ತನಕ, ಅದು ಸಾಕು. ತಯಾರಾದ ದಿನಕ್ಕೆ ನಾಲ್ಕಂಕಿ ಇರುತ್ತದೆ: 2324 ಎಂದರೆ 2024ರ 23ನೇ ವಾರ. ಗೋಡೌನಿನಲ್ಲಿ ವರ್ಷಗಟ್ಟಲೆ ಕೂತ ರಬ್ಬರು ಗಟ್ಟಿಯಾಗಿರುತ್ತದೆ, ರಿಯಾಯಿತಿ ಎಷ್ಟೇ ಇದ್ದರೂ ಬೇಡವೆನ್ನಿ. ಅಗಲದ ಆಸೆಯೂ ಬೇಡ. ಅಗಲ ಹೆಚ್ಚಿದಷ್ಟೂ ಟೈರು ಪಕ್ಕಕ್ಕೆ ತಳ್ಳಬೇಕಾದ ನೀರೂ ಹೆಚ್ಚು.

ಟ್ರ್ಯಾಕಿನಲ್ಲಿ ಮಳೆ ಬಂದರೆ ಒಣದಿನದ ದಾರಿ ಬಿಡಬೇಕು. ದಿನವಿಡೀ ಕಾರುಗಳು ರಬ್ಬರು ಸವರಿ ಹೋದ ಆ ಗೆರೆ ನೀರು ಬಿದ್ದೊಡನೆ ಜಾರುತ್ತದೆ. ಅದರಿಂದ ಆಚೆ, ಒರಟು ಡಾಂಬರು ಕಾಣುವ ಕಡೆ ಹಿಡಿತ ಹೆಚ್ಚು.

ಇನ್ನು ಗಾಳಿ. ಟೈರು 6 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒಳಗಿನ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಒಣ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆದ ಮೇಲೆ ಟೈರು ಉಬ್ಬಿ ನಡುಭಾಗವಷ್ಟೇ ನೆಲಕ್ಕೆ ಒತ್ತುವುದರಿಂದ ಎಲ್ಲರೂ ಸ್ವಲ್ಪ ಗಾಳಿ ಇಳಿಸುತ್ತಾರೆ, ಸರಿಯೇ. ಮಳೆಯಲ್ಲಿ ಮಾತ್ರ ಇಳಿಸಬೇಡಿ. ಒತ್ತಡ ಕಡಿಮೆಯಾದಷ್ಟೂ ಟೈರು ಇನ್ನೂ ಕಡಿಮೆ ವೇಗದಲ್ಲೇ ನೀರಿನ ಮೇಲೆ ಏಳುತ್ತದೆ. ಮತ್ತೆ, ಬಿಸಿಯಿದ್ದಾಗ ಗಾಳಿ ಇಳಿಸಿದ ಟೈರು ತಣಿದ ಮೇಲೆ ಕಾರ್ ಕಂಪನಿ ಹೇಳಿದ್ದಕ್ಕಿಂತ ತೀರಾ ಕೆಳಗೆ ಬಂದಿರುತ್ತದೆ. ದಯವಿಟ್ಟು ಊರಿಗೆ ಹೊರಡುವ ಮುನ್ನ ಟೈರು ಆರಲು ಬಿಡಿ, ಹೆದ್ದಾರಿಯ ಮೊದಲ ಪೆಟ್ರೋಲ್ ಬಂಕಿನಲ್ಲೇ ನಾಲ್ಕಕ್ಕೂ ಗಾಳಿ ತುಂಬಿಸಿಕೊಂಡು ಹೋಗಿ.