ದಡಾರ ಮತ್ತು ಎಚ್.ಐ.ವಿ.: ಒಂದು ವೈರಸ್ ಮತ್ತೊಂದನ್ನು ತಡೆಯುವುದೇ?



ಕಾಲುಬಾಯಿ ಜ್ವರದಿಂದ ಸೊರಗಿದ ರಾಸಿಗೆ ಗಳಲೆ ರೋಗ ಬೇಗ ತಗಲುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ಒಂದು ರೋಗ ಬಂದ ಮೈಯಲ್ಲಿ ಇನ್ನೊಂದಕ್ಕೆ ದಾರಿಯಾಗುತ್ತದೆ. ಆದರೆ ಕೆಲವೊಮ್ಮೆ ಒಂದು ವೈರಸ್ ಇನ್ನೊಂದು ವೈರಸ್ಸಿನ ಬೆಳವಣಿಗೆಯನ್ನು ತಡೆಯುವುದೂ ಉಂಟು. ಮನುಷ್ಯರಲ್ಲಿ ಕಂಡುಬಂದ ಅಂತಹ ಒಂದು ಸಂಗತಿಯನ್ನು ಇಲ್ಲಿ ವಿವರಿಸಲಾಗಿದೆ.

ಮಕ್ಕಳಿಗೆ ಬರುವ ದಡಾರದ ವೈರಸ್, ಹಿಂದೆ ನಮ್ಮ ಕೊಟ್ಟಿಗೆಗಳನ್ನು ಬರಿದು ಮಾಡಿದ ದೊಡ್ಡರೋಗದ ವೈರಸ್ಸಿಗೆ ಹತ್ತಿರದ ಸಂಬಂಧಿ. ಎರಡೂ ರೋಗ ನಿರೋಧಕ ಬಿಳಿ ರಕ್ತಕಣಗಳನ್ನೇ ಹಿಡಿಯುತ್ತವೆ. ಎಚ್.ಐ.ವಿ. ಬೆಳೆಯುವುದೂ ಇವುಗಳಲ್ಲಿ ಒಂದು ಬಗೆಯ ಕಣಗಳಲ್ಲಿಯೇ.

ಆಫ್ರಿಕಾದ ಜಾಂಬಿಯಾ ದೇಶದ ಲುಸಾಕ ನಗರದಲ್ಲಿ, ಎಚ್.ಐ.ವಿ. ಸೋಂಕಿದ್ದು ದಡಾರದಿಂದ ಆಸ್ಪತ್ರೆ ಸೇರಿದ ಮಕ್ಕಳ ರಕ್ತವನ್ನು ಪರೀಕ್ಷಿಸಲಾಯಿತು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ, ದಾಖಲಾದಾಗ ಒಂದು ಮಿ.ಲೀ. ಪ್ಲಾಸ್ಮಾದಲ್ಲಿ ಎಚ್.ಐ.ವಿ. ಪ್ರಮಾಣ ಸುಮಾರು 5,300 ಇತ್ತು. ಮನೆಗೆ ಹೊರಡುವಾಗ ಅದು 60,000ಕ್ಕೆ ಏರಿತ್ತು. ಒಂದು ತಿಂಗಳ ನಂತರ 3,87,000 ದಾಟಿತ್ತು. ಅಂದರೆ ದಡಾರ ಇದ್ದಷ್ಟು ದಿನ ಎಚ್.ಐ.ವಿ. ಅಡಗಿತ್ತು.

ಇದಕ್ಕೆ ಕಾರಣವೇನು? ಎಚ್.ಐ.ವಿ. ಕಣದೊಳಗೆ ನುಗ್ಗಬೇಕಾದರೆ ಕಣದ ಮೇಲ್ಮೈಯಲ್ಲಿ ಎರಡು ಹಿಡಿಗಳು ಬೇಕು. ಒಂದು ಸಿ.ಡಿ.4, ಇನ್ನೊಂದು ಸಾಮಾನ್ಯವಾಗಿ ಸಿ.ಸಿ.ಆರ್.5. ಮನುಷ್ಯರ ಟಾನ್ಸಿಲ್ ಅಂಗಾಂಶವನ್ನು ಪ್ರಯೋಗಾಲಯದಲ್ಲಿಟ್ಟು ಅಮೆರಿಕದ ವಿಜ್ಞಾನಿಗಳು 2005ರಲ್ಲಿ ಒಂದು ಅಂಶವನ್ನು ತೋರಿಸಿದರು. ದಡಾರದ ವೈರಸ್ ಸೇರಿದಾಗ ಅಂಗಾಂಶವು ರಾಂಟೀಸ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಸ್ರವಿಸುತ್ತದೆ. ಇದು ಸಿ.ಸಿ.ಆರ್.5 ಹಿಡಿಯ ಮೇಲೆ ಕೂರುತ್ತದೆ. ಗೊಂತಿನಲ್ಲಿ ಆಗಲೇ ಒಂದು ರಾಸು ನಿಂತಿದ್ದರೆ ಮತ್ತೊಂದಕ್ಕೆ ಜಾಗ ಸಿಗದಂತೆ, ಎಚ್.ಐ.ವಿ.ಗೆ ಹಿಡಿತ ಸಿಗುವುದಿಲ್ಲ. ಇದಲ್ಲದೆ ದಡಾರವು ಬಿಳಿ ಕಣಗಳು ವೃದ್ಧಿಯಾಗುವುದನ್ನೂ ಕುಂಠಿತಗೊಳಿಸುತ್ತದೆ. ಚುರುಕಾಗಿ ವೃದ್ಧಿಯಾಗುವ ಕಣಗಳಲ್ಲಿಯೇ ಎಚ್.ಐ.ವಿ. ಚೆನ್ನಾಗಿ ಬೆಳೆಯುವುದು.

ಹಾಗೆಂದು ದಡಾರ ಬಂದರೆ ಒಳ್ಳೆಯದೆಂದು ಯಾರೂ ತಿಳಿಯಬಾರದು. ಈ ತಡೆ ಕೆಲವೇ ದಿನಗಳದ್ದು. ದಡಾರದಿಂದ ನ್ಯುಮೋನಿಯಾ, ಭೇದಿ ತಗಲಿ ಮಕ್ಕಳು ಸಾಯುತ್ತಾರೆ, ಎಚ್.ಐ.ವಿ. ಇರುವ ಮಕ್ಕಳಿಗೆ ಅಪಾಯ ಇನ್ನೂ ಹೆಚ್ಚು. ಲಸಿಕೆ ಹಾಕಿಸಿಕೊಳ್ಳದ ಮಕ್ಕಳಲ್ಲಿ ದಡಾರವು ಹಿಂದಿನ ರೋಗಗಳ ವಿರುದ್ಧ ಇದ್ದ ಪ್ರತಿಕಾಯಗಳಲ್ಲಿ ಶೇ. 11ರಿಂದ 73ರಷ್ಟನ್ನು ಅಳಿಸಿಹಾಕಿದ್ದು 2019ರ ಅಧ್ಯಯನದಲ್ಲಿ ತಿಳಿದುಬಂತು.

ಆದ್ದರಿಂದ, "ಅಮ್ಮ ಬಂದಿದೆ, ತಾನೇ ಹೋಗುತ್ತದೆ" ಎಂದು ಸುಮ್ಮನಿರಬೇಡಿ. ಮಗುವಿಗೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಮತ್ತೊಮ್ಮೆ ದಡಾರ-ರುಬೆಲ್ಲಾ ಲಸಿಕೆಯನ್ನು ತಪ್ಪದೆ ಹಾಕಿಸಿ. ಎಚ್.ಐ.ವಿ. ಸೋಂಕಿರುವ ಮಗುವಿದ್ದರೆ ಲಸಿಕೆಯ ಬಗ್ಗೆ ವೈದ್ಯರ ಸಲಹೆ ಪಡೆಯಿರಿ. ಎಚ್.ಐ.ವಿ.ಯನ್ನು ದೀರ್ಘಕಾಲ ಅಡಗಿಸಿಡಬಲ್ಲದ್ದು ದಿನವೂ ತೆಗೆದುಕೊಳ್ಳುವ ಎ.ಆರ್.ಟಿ. ಮಾತ್ರೆ. ಇದು ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ದೊಡ್ಡರೋಗ 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತು. ಹಳ್ಳಿ ಹಳ್ಳಿಯಲ್ಲಿ ರಾಸುಗಳಿಗೆ ಲಸಿಕೆ ಹಾಕಿಸಿದ್ದರಿಂದ ಇದು ಸಾಧ್ಯವಾಯಿತು. ಮಕ್ಕಳ ಲಸಿಕೆಗೂ ಅದೇ ಶ್ರದ್ಧೆ ಇರಲಿ.