ಇಪ್ಪತ್ತರಿಂದ ಎಂಬತ್ತು: ಸ್ಕೌಟ್‌ನ ಕಣ್ಣಳತೆ ಅಂಕಿಯಾದ ಬಗೆ
ಅಮೆರಿಕದ ಬೇಸ್‌ಬಾಲ್‌ನಲ್ಲಿ ಮೇಜರ್ ಲೀಗ್ ತಂಡಗಳಿಗೆ ಆಟಗಾರರನ್ನು ಸಿದ್ಧಗೊಳಿಸುವ ಕೆಳಹಂತದ ವೃತ್ತಿಪರ ಲೀಗ್‌ಗಳಿಗೆ ಮೈನರ್ ಲೀಗ್ ಎಂದೂ, ಅಲ್ಲಿನ ಎಳೆಯ ಆಟಗಾರರನ್ನು ಮೈದಾನಕ್ಕೇ ಹೋಗಿ ನೋಡಿ ವರದಿ ಬರೆಯುವ ಪರಿಣತರಿಗೆ ಸ್ಕೌಟ್ ಎಂದೂ ಹೆಸರು. ಈ ಉದ್ಯೋಗ ಇಂದಿನ ರೂಪ ತಳೆದುದಕ್ಕೆ ಹಣದ ಮುಗ್ಗಟ್ಟು ಮುಖ್ಯ ಕಾರಣ. 1920ರ ಸುಮಾರಿನವರೆಗೆ ಮೈನರ್ ಲೀಗ್ ಕ್ಲಬ್‌ಗಳು ಬಹುಮಟ್ಟಿಗೆ ಸ್ವತಂತ್ರವಾಗಿದ್ದು, ತಾವು ಬೆಳೆಸಿದ ಆಟಗಾರರನ್ನು ಹೆಚ್ಚು ಬೆಲೆ ಕೊಟ್ಟವರಿಗೆ ಮಾರುತ್ತಿದ್ದವು. ಆ ಪೈಪೋಟಿಯಲ್ಲಿ ಸಿರಿವಂತರೆದುರು ನಿಲ್ಲಲಾಗದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಆಡಳಿತಗಾರ ಬ್ರಾಂಚ್ ರಿಕಿ, ಕೆಳಹಂತದ ಕ್ಲಬ್‌ಗಳನ್ನೇ ಕೊಂಡು ಅಥವಾ ಒಪ್ಪಂದದಿಂದ ಅಧೀನಕ್ಕೆ ತಂದು, 1940ರ ವೇಳೆಗೆ ಮೂವತ್ತಕ್ಕೂ ಹೆಚ್ಚು ತಂಡಗಳ ಜಾಲವನ್ನು ಕಟ್ಟಿದರು.

ನೂರಾರು ಹುಡುಗರು ಹತ್ತಾರು ಊರುಗಳಲ್ಲಿ ಹಂಚಿಹೋದ ಮೇಲೆ, ಒಬ್ಬ ಸ್ಕೌಟ್‌ನ ಮೆಚ್ಚುಗೆಯನ್ನು ಇನ್ನೊಬ್ಬನ ಮೆಚ್ಚುಗೆಯೊಡನೆ ತೂಗಿ ನೋಡಲು ಸಮಾನ ಅಳತೆಯೊಂದು ಬೇಕಾಯಿತು. ಸಾಮಾನ್ಯವಾಗಿ ರಿಕಿಯವರ ಹೆಸರಿಗೇ ಸಲ್ಲುವ 20ರಿಂದ 80ರವರೆಗಿನ ಶ್ರೇಣಿ ಈ ಕೊರತೆಯನ್ನು ತುಂಬಿತು. ಇದರಲ್ಲಿ 50 ಎಂದರೆ ಮೇಜರ್ ಲೀಗ್‌ನ ಸರಾಸರಿ ಮಟ್ಟ. ಚೆಂಡನ್ನು ಸರಿಯಾಗಿ ಹೊಡೆಯುವುದು, ಹೊಡೆತದ ಬಲ, ಓಟ, ಎಸೆತ, ಫೀಲ್ಡಿಂಗ್ ಎಂಬ ಐದು ಸಾಮರ್ಥ್ಯಗಳಿಗೂ ಪ್ರತ್ಯೇಕ ಅಂಕ, ಅದೂ ಎರಡೆರಡು: ಒಂದು ಇಂದಿನ ಆಟಕ್ಕೆ, ಇನ್ನೊಂದು ಮುಂದೆ ತಲುಪಬಹುದಾದ ಮಟ್ಟಕ್ಕೆ. ಈ ಎರಡನೆಯ ಅಂಕವೇ ಸ್ಕೌಟ್‌ನ ನಿಜವಾದ ಸಂಬಳದ ಕೆಲಸ, ಉಳಿದುದನ್ನು ತಕ್ಕಮಟ್ಟಿಗೆ ಯಾರಾದರೂ ಅಳೆದಾರು.

ಸ್ಕೌಟ್‌ಗಳು ಬ್ಯಾಟರ್ ನಿಲ್ಲುವ ಹೋಂ ಪ್ಲೇಟ್‌ನ ಹಿಂಬದಿಯ ಆಸನಗಳಲ್ಲಿ ಕುಳಿತು, ಬ್ಯಾಟಿಗೆ ಚೆಂಡು ತಾಗಿದೊಡನೆ ಸ್ಟಾಪ್‌ವಾಚ್ ಒತ್ತಿ, ಓಟಗಾರನ ಪಾದ 90 ಅಡಿ ದೂರದ ಮೊದಲ ಬೇಸ್ ಮುಟ್ಟಿದಾಗ ನಿಲ್ಲಿಸುತ್ತಾರೆ. ಬಲಗೈ ಬ್ಯಾಟರ್ ಸುಮಾರು 4.3 ಸೆಕೆಂಡಿನಲ್ಲಿ ತಲುಪಿದರೆ ಓಟಕ್ಕೆ 50. ಚೆಂಡೆಸೆಯುವ ಪಿಚರ್‌ಗಳಲ್ಲಿ ಪಂದ್ಯ ಆರಂಭಿಸುವವರು ಸರದಿಯಂತೆ ಐದಾರು ದಿನಕ್ಕೊಮ್ಮೆ ಮಾತ್ರ ಕಣಕ್ಕಿಳಿಯುವುದರಿಂದ, ಎಲ್ಲರನ್ನೂ ನೋಡಬೇಕಾದರೆ ಅದೇ ಊರಿನಲ್ಲಿ ಅಷ್ಟು ದಿನ ತಂಗಲೇಬೇಕು. 1970ರ ದಶಕದಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ತರಬೇತುದಾರ ಡ್ಯಾನಿ ಲಿಟ್‌ವೈಲರ್ ಪೊಲೀಸರ ರೇಡಾರ್ ಯಂತ್ರವನ್ನು ಚೆಂಡಿನ ವೇಗ ಅಳೆಯುವುದಕ್ಕೆ ಒಗ್ಗಿಸಿದ ಬಳಿಕ, ಸ್ಟಾಪ್‌ವಾಚ್‌ನ ಜೊತೆಗೆ ರೇಡಾರ್ ಗನ್ನೂ ಸ್ಕೌಟ್‌ಗಳ ಕೈಸೇರಿತು.

ಅಂಕಪಟ್ಟಿ ಹೇಳದ್ದನ್ನು ಮುಂದಿನ ಮಟ್ಟದ ಆ ಎರಡನೆಯ ಅಂಕ ಹೇಳಬಲ್ಲದು ಎಂಬುದಕ್ಕೆ ಜಾನ್ ಸ್ಮೋಲ್ಟ್ಜ್ ಉತ್ತಮ ನಿದರ್ಶನ. 1987ರಲ್ಲಿ ಡೆಟ್ರಾಯಿಟ್ ತಂಡದ ಅಧೀನದಲ್ಲಿದ್ದ ಗ್ಲೆನ್ಸ್ ಫಾಲ್ಸ್‌ನ ಮೈನರ್ ಲೀಗ್ ತಂಡದಲ್ಲಿದ್ದ ಈ ಇಪ್ಪತ್ತರ ಹರೆಯದ ಪಿಚರ್ 4 ಪಂದ್ಯ ಗೆದ್ದು 10 ಸೋತಿದ್ದರು. ಹಾಳೆಯ ಮೇಲಿನ ಆ ಲೆಕ್ಕವನ್ನಷ್ಟೇ ನೋಡಿದವರು ಅವರನ್ನು ಕೇಳಿ ಪಡೆಯುವಂತಿರಲಿಲ್ಲ. ಆದರೂ ಅಟ್ಲಾಂಟಾ ಬ್ರೇವ್ಸ್, ಅನುಭವಿ ಪಿಚರ್ ಡಾಯ್ಲ್ ಅಲೆಕ್ಸಾಂಡರ್‌ರನ್ನು ಡೆಟ್ರಾಯಿಟ್‌ಗೆ ಬಿಟ್ಟುಕೊಟ್ಟು ಅವರನ್ನೇ ತಂದಿತು. ಅಲೆಕ್ಸಾಂಡರ್ ಆ ಋತುವಿನಲ್ಲಿ ಡೆಟ್ರಾಯಿಟ್‌ಗೆ ಒಂದೂ ಸೋಲದೆ 9 ಪಂದ್ಯ ಗೆದ್ದುಕೊಟ್ಟರಾದ್ದರಿಂದ ಆ ವಿನಿಮಯವನ್ನು ಮೂರ್ಖತನವೆಂದು ಜರೆಯುವುದು ನ್ಯಾಯವಲ್ಲ. ಸ್ಮೋಲ್ಟ್ಜ್ ಮಾತ್ರ ಮೇಜರ್ ಲೀಗ್‌ನಲ್ಲಿ 213 ಗೆಲುವುಗಳನ್ನು ಗಳಿಸಿ, 2015ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ಅದೇ 2015ರಲ್ಲಿ, ಚೆಂಡಿನ ಮತ್ತು ಆಟಗಾರರ ಪ್ರತಿ ಚಲನೆಯನ್ನೂ ದಾಖಲಿಸುವ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆ ಮೇಜರ್ ಲೀಗ್ ಮೈದಾನಗಳಲ್ಲೆಲ್ಲ ಜಾರಿಗೆ ಬಂದಿತು. ಹ್ಯೂಸ್ಟನ್ ಆಸ್ಟ್ರೋಸ್ ತಂಡವು 2017ರಲ್ಲಿ ಹಲವು ಸ್ಕೌಟ್‌ಗಳನ್ನು ಕೈಬಿಟ್ಟು ವಿಡಿಯೊ ವಿಶ್ಲೇಷಣೆಗೆ ಒತ್ತು ಕೊಟ್ಟಿತು ಮತ್ತು ಅದೇ ವರ್ಷ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು. ಆದರೆ ಆ ಋತುವಿನಲ್ಲಿ ತಂಡವು ಕ್ಯಾಮೆರಾದ ನೆರವಿನಿಂದ ಎದುರಾಳಿ ಕ್ಯಾಚರ್ ತನ್ನ ಪಿಚರ್‌ಗೆ ಕೊಡುವ ಸಂಜ್ಞೆಗಳನ್ನು ಕದ್ದಿತ್ತೆಂದು 2020ರಲ್ಲಿ ಲೀಗ್‌ನ ತನಿಖೆ ತೀರ್ಮಾನಿಸಿದ್ದರಿಂದ, ಆ ಗೆಲುವಿನಲ್ಲಿ ವಿಡಿಯೊ ನೋಡಿ ಆಟಗಾರರನ್ನು ಆರಿಸಿದವರ ಪಾಲೆಷ್ಟು ಎಂಬ ವಾದ ಮಾತ್ರ ಇತ್ಯರ್ಥವಾಗದೆ ಉಳಿಯಿತು.